ಕಿವಿಮಾಸ್ತರ ಗುಬ್ಬಚ್ಚಿ

ನಿಘಂಟಿನ ಕಚೇರಿಯಲ್ಲಿ ಅವರನ್ನು ಎಲ್ಲರೂ ಕಿವಿಮಾಸ್ತರು ಎನ್ನುತ್ತಿದ್ದರು. ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವ ಆ ಕಚೇರಿಯಲ್ಲಿ ಪ್ರಾಣಿಗಳ ಕೂಗಿನಿಂದ ಹುಟ್ಟಿದ ಮಾತುಗಳೆಲ್ಲ ಅವರ ಪಾಲು. ಪುಸ್ತಕ ನೋಡಿ ಬರೆದರೆ ಸಾಲದು. ಪ್ರಾಣಿಯ ಎದುರಿಗೇ ಕೂತು, ಕಿವಿಯಾರೆ ಕೇಳಿ, ಚೀಟಿಯ ಕೆಳಗೆ 'ಕೇಳಿದವರು' ಎಂಬಲ್ಲಿ ಸಹಿ ಹಾಕಬೇಕು. ಇದು ಸಂಪಾದಕರ ಕಟ್ಟಪ್ಪಣೆ. ಹಸುವಿನ 'ಮೂ'ಗಾಗಿ ಮಾಸ್ತರು ಎರಡು ದಿನ ಕೊಟ್ಟಿಗೆ ಕಾದಿದ್ದರು. ಕಪ್ಪೆಯ 'ಕ್ರೋಕ್'ಗೆಂದು ಕೆರೆಯ ಬದಿ ಕೂತು ಬಂದ ಮೇಲೆ ಒಂದು ವಾರ ಅವರ ಗಂಟಲೇ ಕಪ್ಪೆಯದಾಗಿತ್ತು.

ಈಗ ಬಂದದ್ದು 'ಚರ್ಪ್'. ಸಣ್ಣ ಹಕ್ಕಿಯ, ಹುಳುವಿನ ಚೂಪಾದ ಚಿಕ್ಕ ದನಿ. ಖುಷಿಯಿಂದ ಪಟಪಟ ಮಾತಾಡುವುದಕ್ಕೂ ಅದೇ ಮಾತು. ಇಂಗ್ಲಿಷಿನಲ್ಲಿ ಅದಕ್ಕೆ 'ಚರ್ಕ್' ಎಂಬ ಹಳೆಯ ಅಕ್ಕನೊಬ್ಬಳಿದ್ದಾಳೆ. ಅಕ್ಕತಂಗಿಯರಿಬ್ಬರೂ ಹಕ್ಕಿಯ ಬಾಯಿಂದಲೇ ಬಿದ್ದವರು. ಇಷ್ಟನ್ನು ಬರೆದು ಮುಗಿಸಿ, ಗುಬ್ಬಚ್ಚಿಗೇನು ಬರ ಎಂದುಕೊಂಡು ಮಾಸ್ತರು ಕಿಟಕಿ ತೆರೆದರು.

ಅಂಚಿನ ಮೇಲೊಂದು ಕೂತಿತ್ತು. ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಪುಟ್ಟ ಕೊರಳು ನಡುಗುತ್ತಿತ್ತು. ಸದ್ದು ಮಾತ್ರ ಇಲ್ಲ. ಬಿಸಿಲು, ಧೂಳು, ಹಕ್ಕಿ ಎಲ್ಲವೂ ನೀರಿನಡಿಯಲ್ಲಿ ಇರುವಂತೆ ಮೆಲ್ಲಗೆ ಅಲುಗುತ್ತಿದ್ದವು. ಎಷ್ಟು ಚೆನ್ನಾಗಿದೆ ಎಂದು ಮಾಸ್ತರು ಒಂದು ಗಳಿಗೆ ಮೈಮರೆತೇಬಿಟ್ಟರು.

"ಬೆಳಗಿಂದ ತಲೆ ತಿಂತಿದೆ ಅದು, ಕಿಟಕಿ ಹಾಕಿ ಮಾಸ್ತರೇ," ಎಂದಳು ಹಿಂದಿನ ಮೇಜಿನ ದಪ್ಪ ದನಿಯ ಟೈಪಿಸ್ಟ್.

ಹಾಗಾದರೆ ಅದು ಕೂಗುತ್ತಲೇ ಇತ್ತು, ಕೇಳದಿದ್ದದ್ದು ಮಾಸ್ತರಿಗೆ ಮಾತ್ರ. ಕಿಟಕಿ ಹಾಕಿದರು. ಸಹಿ ಗೀಚಿಬಿಟ್ಟರೆ ಕೇಳುವವರು ಯಾರು? ಮೂವತ್ತೊಂದು ವರ್ಷದ ಸಹಿ ಅದು. ಆದರೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ನಿಜ ಹೇಳಿದರೆ ಪದಗಳನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಆಮೇಲೆ ಕಿವಿಯಿಲ್ಲದ ಕಿವಿಮಾಸ್ತರನನ್ನು ಯಾವ ಮೂಲೆಯಲ್ಲಿ ಕೂರಿಸುತ್ತಾರೆ? ಅವರಿಗೆ ನಿಜಕ್ಕೂ ಭಯವಾಯಿತು. ಚೀಟಿಯನ್ನು ಜೇಬಿಗಿಳಿಸಿ, ಅರ್ಧ ದಿನ ರಜೆ ಹಾಕಿ ಮನೆಗೆ ಹೊರಟರು.

ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಗೋಡೆಯ ಮೇಲೆ ಗುಬ್ಬಚ್ಚಿಗಳ ಸಾಲು. ಎಲ್ಲವೂ ಬಾಯಿ ಬಿಡುತ್ತಿದ್ದವು.

"ಅವು ಏನಂತಿವೆ, ಸ್ವಲ್ಪ ಹೇಳೇ," ಎಂದರು ಮಾಸ್ತರು.

ಯಾಕೆ ಎಂದು ಅವಳು ಕೇಳಲಿಲ್ಲ. ಒದ್ದೆ ಟವಲನ್ನು ಹೆಗಲಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಅವರ ಕಿವಿಯ ಹತ್ತಿರ ಬಂದು, ಗುಬ್ಬಚ್ಚಿಗೆ ಗಂಡಸಿನ ಗಂಟಲು ಬಂದಿದ್ದರೆ ಹೇಗೋ ಹಾಗೆ, "ಚಿರುಪ್, ಚಿರುಪ್," ಎಂದಳು.

"ನಿನಗೆ ಗೊತ್ತಿತ್ತಾ?"

"ಒಂದು ವರ್ಷ ಆಯ್ತು. ಸಣ್ಣ ದನಿ ನಿಮಗೆ ಕೇಳಲ್ಲ, ದಪ್ಪ ದನಿ ಕೇಳುತ್ತೆ. ಅದಕ್ಕೇ ಹೀಗೆ ಮಾತಾಡೋದು ರೂಢಿ ಮಾಡ್ಕೊಂಡೆ. ತರಕಾರಿಯವನು ದಿನಾ ಕೇಳ್ತಾನೆ, ನೆಗಡಿನಾ ಅಮ್ಮ ಅಂತ."

ಹೆಂಡತಿಗೂ ವಯಸ್ಸಾಯಿತು, ದನಿ ಒಡೆಯಿತು ಎಂದುಕೊಂಡಿದ್ದ ತಮ್ಮ ಮಂಕುತನಕ್ಕೆ ಮಾಸ್ತರಿಗೆ ನಾಚಿಕೆಯಾಯಿತು. ಮೆಟ್ಟಿಲ ಮೇಲೆ ಕೂತು ಚೀಟಿ ಬಿಡಿಸಿ, 'ಕೇಳಿದವರು' ಎಂಬಲ್ಲಿ 'ನನ್ನ ಹೆಂಡತಿ' ಎಂದು ಬರೆದರು. ನಾಳೆ ಸಂಪಾದಕರು ಇದನ್ನು ಓದುತ್ತಾರೆ, ಓದಲಿ.

"ನಿನ್ನ ಹಳೇ ದನೀಲಿ ಒಂದ್ಸಲ ಮಾತಾಡೇ," ಎಂದರು.

"ಕೇಳಲ್ವಲ್ಲ ನಿಮಗೆ."

"ನೋಡ್ತೀನಿ."

ಅವಳು ಪಕ್ಕದಲ್ಲಿ ಕೂತಳು. ಅವರ ಮುಖ ನೋಡುತ್ತ ಏನೋ ಹೇಳಿದಳು, ಸುಮಾರು ಹೊತ್ತು ಹೇಳಿದಳು. ತುಟಿಗಳು ಅಲುಗಿದವು, ಕಣ್ಣು ತುಂಬಿತು. ಮಾಸ್ತರಿಗೆ ಸಿಕ್ಕಿದ್ದು ಬರೀ ಉಸಿರು.

"ಏನಂದೆ?"

ಅವಳು ಗಂಟಲು ಸರಿಮಾಡಿಕೊಂಡು ದಪ್ಪ ದನಿಗೆ ಮರಳಿದಳು. "ಅದನ್ನೆಲ್ಲ ಈ ದನೀಲಿ ಹೇಳೋಕೆ ನಾಚಿಕೆ ಆಗುತ್ತೆ ಕಣ್ರೀ," ಎಂದಳು.