ಹೊಳೆವ್ವ ಏನಂತಾಳ

"ನಾ ನಿನಗ ಏನೂ ಹೇಳಾಕತ್ತಿಲ್ಲ ಕೆಂಚವ್ವಾ. ನಾ ಆಕಿಗಿ ಹೇಳಾಕತ್ತೀನಿ," ಎಂದು ಬಾಬಾಸಾಹೇಬ ನಿಪ್ಪಾಣಿಯ ಅಂಗಡಿಯ ಚೀಲವನ್ನು ಕಟ್ಟೆಯ ಮೇಲಿಟ್ಟ. ಚೀಲದೊಳಗಿಂದ ಹಸಿರು ಸೀರೆಯ ಅಂಚು ಇಣುಕುತ್ತಿತ್ತು. ಮೇಲೊಂದು ರವಿಕೆಯ ಖಣ, ತೆಂಗಿನಕಾಯಿ.

ಕೆಂಚವ್ವ ಮೊರದೊಳಗಿನ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ. "ಆಕಿ ಮಂಗಳವಾರ ಬರ್ತಾಳಲ್ರಿ. ಆವಾಗ ಹೇಳ್ರಿ."

"ಆವಾಗ ಮಂದಿ ಇರ್ತಾರ," ಬಾಬಾಸಾಹೇಬ ನಕ್ಕ. "ಮುಂಜಾನಿ ದೇವ್ರ ಕಿವಿ ಖಾಲಿ ಇರ್ತಾವು."

ಪಂಚಾಯಿತಿಯ ಅಧ್ಯಕ್ಷ ಸ್ಥಾನ ಈ ಸಲ ಹೆಂಗಸರಿಗೆ ಬಂದಿತ್ತು. ಒಂದು ಕಡೆ ಬಾಬಾಸಾಹೇಬನ ಹೆಂಡತಿ ಅಕ್ಕುತಾಯಿ, ಇನ್ನೊಂದು ಕಡೆ ಬೌದ್ಧರ ಕೇರಿಯ ಕಾಂಚನ. ಸದಸ್ಯರು ಸರಿಸಮ ಒಡೆದುಕೊಂಡು, ನಡುವೆ ಲಗಮಪ್ಪನೊಬ್ಬ ಉಳಿದಿದ್ದ. ಅವನು ಎರಡೂ ಕಡೆಯವರಿಗೆ ಚಹಾ ಕುಡಿಸಿ ಒಂದೇ ಮಾತು ಹೇಳಿ ಕಳಿಸಿದ್ದ: "ಹೊಳೆವ್ವ ಏನಂತಾಳೋ ಹಂಗ." ಹೊಳೆಯ ದೇವಿ ಹೊಳೆವ್ವ ಮಾತಾಡುವುದು ಕೆಂಚವ್ವನ ಬಾಯಿಂದ. ಅತ್ತೆ ತೀರಿಕೊಂಡ ಮೇಲೆ ಆ ಪಾಲು ಅವಳಿಗೆ ಬಂದಿತ್ತು. ಮಂಗಳವಾರ ಸಂಜೆ ಗುಡಿಯಲ್ಲಿ ಹಲಗೆ ಬಡಿದರೆ ದೇವಿ ಅವಳ ಮೈಮೇಲೆ ಇಳಿಯುತ್ತಿದ್ದಳು.

"ಆ ಕಾಂಚನ ಹುಡುಗಿ ಛಲೋ ಐತಿ, ನಾ ಇಲ್ಲನ್ನೂದಿಲ್ಲ," ಬಾಬಾಸಾಹೇಬ ದನಿ ತಗ್ಗಿಸಿದ. "ಆದ್ರ ಹೊಸ ನೀರ ಬಂದಾಗ ಹೊಳಿಗಿ ಮೊದಲ ಉಡಿ ತುಂಬಾವರು ಯಾರು? ಅಧ್ಯಕ್ಷರ ಮನಿ ಹೆಣ್ಣಮಕ್ಕಳು. ಅಜ್ಜನ ಕಾಲದಿಂದ ಬಂದದ್ದು. ಈಕಿ, ನಾ ಬೌದ್ಧಳದೀನಿ, ನಾ ತುಂಬೂದಿಲ್ಲ ಅಂತ ಬಾಯಿ ಬಿಟ್ಟ ಹೇಳ್ಯಾಳ. ಉಡಿ ಇಲ್ಲದ ಹೊಳಿ ಸುಮ್ಮ ಕುಂದರ್ತೈತೇನ? ಹೋದ ಪೂರ ಮರ್ತೀಯೇನ?"

ಕೆಂಚವ್ವನ ಬೆರಳುಗಳು ಜೋಳದ ನಡುವೆ ನಿಂತವು. ಅವನು ಹೋದ ಮೇಲೂ ಬಹಳ ಹೊತ್ತು ಅವು ಅಲ್ಲಿಯೇ ಇದ್ದವು.

ಆ ಮಹಾಪೂರವನ್ನು ಅವಳು ಹೇಗೆ ಮರೆತಾಳು? ದೂಧಗಂಗೆ ಹೊಳೆ ಊರೊಳಗೆ ಬಂದ ರಾತ್ರಿ ಗುಡಿಯ ಗಂಟೆಯವರೆಗೂ ನೀರಿತ್ತು. ಎತ್ತರದಲ್ಲಿ ಉಳಿದದ್ದು ಬೌದ್ಧರ ಸಮಾಜ ಮಂದಿರವೊಂದೇ. ಹೊಳೆವ್ವನ ಬೆಳ್ಳಿ ಮುಖವನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೆಂಚವ್ವ ಅಲ್ಲಿಗೆ ಹತ್ತಿದ್ದಳು. ನೀರು ಇಳಿಯುವ ತನಕ ಬುದ್ಧನ ಪಟದ ಕೆಳಗೆ, ದೇವಿಯ ಮಗ್ಗುಲಲ್ಲಿ ಮಲಗಿದ್ದಳು. ಬೆಳಗಿನ ಜಾವ ಕಾಂಚನಳ ತಾಯಿ ಭೀಮಾಬಾಯಿ ಕಣ್ಣು ಮುಚ್ಚಿ ಬುದ್ಧವಂದನೆ ಹೇಳುತ್ತಿದ್ದಳು. ಆ ಮಾತುಗಳಲ್ಲಿ ಒಂದೂ ಕೆಂಚವ್ವನಿಗೆ ತಿಳಿಯುತ್ತಿರಲಿಲ್ಲ. ಆದರೆ ಅತ್ತೆ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದಾಗಿನ ಏರಿಳಿತವೇ ಅದರಲ್ಲಿ ಕೇಳಿಸುತ್ತಿತ್ತು. ಒಂದು ಬೆಳಗ್ಗೆ, ಹಲಗೆಯಿಲ್ಲದೆ, ಹಣೆಗೆ ಅರಿಸಿನದ ಭಂಡಾರವಿಲ್ಲದೆ, ದೇವಿ ಮೈಮೇಲೆ ಬಂದಳು. ಏನೂ ಹೇಳಲಿಲ್ಲ. ಸುಮ್ಮನೆ ಕೂತು ಕೇಳಿಸಿಕೊಂಡು, ಭೀಮಾಬಾಯಿ ಮುಗಿಸಿದಾಗ ಎದ್ದು ಹೋದಳು.

ಅದೇ ಕೊನೆ. ನೀರಿಳಿದ ಮೇಲೆ ಗಂಡಸರು ಬಂದು ಮುಖವನ್ನು ಒಯ್ದು, ಗೋಮೂತ್ರದಿಂದ ತೊಳೆದು, ಹೋಮ ಮಾಡಿ ಮತ್ತೆ ಗುಡಿಯಲ್ಲಿ ಕೂರಿಸಿದರು. ಅಂದಿನಿಂದ ದೇವಿ ಬಂದಿರಲಿಲ್ಲ. ಅಲ್ಲಿ ಇಟ್ಟದ್ದಕ್ಕೋ, ತೊಳೆದದ್ದಕ್ಕೋ, ಕೆಂಚವ್ವನಿಗೆ ಗೊತ್ತಿರಲಿಲ್ಲ. ಮಂಗಳವಾರ ಮಂದಿ ಬರುತ್ತಿದ್ದರು. ಅವಳು ಕೂದಲು ಬಿಚ್ಚುತ್ತಿದ್ದಳು, ನಡುಗುತ್ತಿದ್ದಳು, ದನಿ ದಪ್ಪ ಮಾಡಿ ಕೂಸನ್ನು ಚಿಕ್ಕೋಡಿಯ ಡಾಕ್ಟರ ಹತ್ತಿರ ಒಯ್ಯಿ ಎನ್ನುತ್ತಿದ್ದಳು, ಅಣ್ಣತಮ್ಮಂದಿರಿಗೆ ಬದುವಿನ ಜಗಳ ಬಿಡಿ ಎನ್ನುತ್ತಿದ್ದಳು. ಮನೆಗೆ ಬಂದು ತಂಬಿಗೆ ನೀರು ಕುಡಿದು, ಬಾಗಿಲ ಕಡೆ ಕಿವಿಯಿಟ್ಟು ಕೂರುತ್ತಿದ್ದಳು. ಯಾರೋ ಹೊರಗೆ ನಿಂತು ಒಳಗೆ ಬರಲೊಲ್ಲರು ಎನಿಸುತ್ತಿತ್ತು. ಎದ್ದು ತೆಗೆದರೆ ಅಂಗಳ ಖಾಲಿ. ಭೀಮಾಬಾಯಿಯೂ ಮರುವರ್ಷ ತೀರಿಕೊಂಡಳು. ಆದರೂ ಎಷ್ಟೋ ಬೆಳಗುಗಳಲ್ಲಿ ಅವಳ ವಂದನೆಯ ದನಿ ಕಿವಿಯ ಹತ್ತಿರವೇ ಏರಿ, ಕೆಂಚವ್ವ ಕಣ್ಣು ಬಿಟ್ಟೊಡನೆ ಆರಿಹೋಗುತ್ತಿತ್ತು.

ಸೋಮವಾರ ಹಿಟ್ಟಿನ ಗಿರಣಿಯಲ್ಲಿ ಕಾಂಚನ ಸಿಕ್ಕಳು. ಗಿರಣಿಯ ರಾಜಾರಾಮ ಇಬ್ಬರ ಡಬ್ಬಿಗಳನ್ನೂ ನೋಡಿ ಹಣೆ ಬಡಿದುಕೊಂಡ. "ಯಾರದ ಮೊದಲ ಹಾಕ್ಲಿರಿ? ತಪ್ಪಿದ್ರ ಒಬ್ಬರು ಗಿರಣಿ ಲೈಟ ತಗಸ್ತಾರ, ಒಬ್ಬರು ನನ್ನ ಕಣ್ಣ ತಗೀತಾರ."

"ಕಾಕೂನ ಹಾಕೋ ಮಾರಾಯಾ. ನಾ ಇನ್ನಾ ಅಧ್ಯಕ್ಷ ಆಗಿಲ್ಲ," ಎಂದು ಕಾಂಚನ ನಕ್ಕಳು.

ಗಿರಣಿಯ ಸದ್ದಿನ ಮರೆಯಲ್ಲಿ ಕೆಂಚವ್ವ ಅವಳ ಮೊಣಕೈ ಹಿಡಿದು ಆಚೆ ಕರೆದಳು. "ಒಂದ ಸಲ ಹೊಳಿಗಿ ಉಡಿ ತುಂಬಿದ್ರ ಏನ ಹೊಕ್ಕೈತಿ ಬೇ? ಊರ ಬಾಯಿ ಮುಚ್ಚತೈತಿ."

"ನಿಮ್ಮ ಉಡಿ ನೀವ ತುಂಬ್ರಿ ಕಾಕು. ತೆಂಗಿನಕಾಯಿ ಬುಟ್ಟಿ ಬೇಕಾದ್ರ ನಾ ಹೊತ್ಕೊಂಡ ಬರ್ತೀನಿ. ಆದ್ರ ಕೈ ಮುಗಿ ಅನಬ್ಯಾಡ್ರಿ. ಕೈ ಮುಗದ್ರ ಏನೂ ಹೋಗೂದಿಲ್ಲ. ಸುಳ್ಳ ಮುಗದ್ರ ಹೊಕ್ಕೈತಿ." ಕಾಂಚನ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ನಿಮ್ಮ ಆಯಿ, ಹೊಳೆವ್ವ, ನಮ್ಮ ಮಂದಿರದಾಗ ಇದ್ದಾಗ ನಮ್ಮವ್ವ ದಿನಾ ಆಕಿ ಮುಂದಿನ ದೀಪಕ್ಕ ಎಣ್ಣಿ ಹಾಕತಿದ್ಲು. ನಮ್ಮ ಕೇರ್ಯಾಗ ಬೈದ್ರು. ನಾನೂ ಬೈದೆ. ಏನಂದ್ಲು ಗೊತ್ತೇನು? ನಾ ಪೂಜಿ ಮಾಡಾಕತ್ತಿಲ್ಲ, ಮನಿಗಿ ಬಂದ ಪಾವ್ಣ್ಯಾರನ್ನ ಕತ್ತಲಾಗ ಇಡೂದೇನ, ಅಂದ್ಲು."

ಕೆಂಚವ್ವನಿಗೆ ಆ ಎಣ್ಣೆಯ ವಿಷಯ ಗೊತ್ತಿರಲಿಲ್ಲ. ದೀಪ ತಾನಾಗಿಯೇ ಉರಿಯುತ್ತಿದೆ, ಅದು ದೇವಿಯ ಮಹಿಮೆ ಎಂದು ಊರಿಗೆಲ್ಲ ಅವಳೇ ಹೇಳಿದ್ದಳು.

"ನಾಳೆ ನೀವು ಏನರ ಅನ್ರಿ ಕಾಕು, ನಾ ಸಿಟ್ಟಾಗೂದಿಲ್ಲ," ಎಂದಳು ಕಾಂಚನ. ಅವಳ ಕಣ್ಣುಗಳು ಬೇರೆಡೆ ಇದ್ದವು.

ಮಂಗಳವಾರ ಗುಡಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇವಿಯ ಮುಂದೆ, ದೇವಿಗೆ ಬೆನ್ನು ಮಾಡಿ, ಕೆಂಚವ್ವ ಮಣೆಯ ಮೇಲೆ ಕುಳಿತಳು. ಹಣೆಗೆ ಭಂಡಾರ ಬಳಿದರು. ಹಲಗೆ ಬಡಿಯುವ ಬಾಳು ಅದರ ಚರ್ಮವನ್ನು ಬೆಂಕಿಗೆ ಕಾಸಿಕೊಂಡು ಬಂದು ಬಡಿಯತೊಡಗಿದ. ಬಾಬಾಸಾಹೇಬ ಕಂಬಕ್ಕೆ ಒರಗಿ ನಿಂತಿದ್ದ. ಅವನು ತಂದಿದ್ದ ಹಸಿರು ಸೀರೆ ದೇವಿಯ ಮೈಮೇಲಿತ್ತು.

ಹಲಗೆ ಏರಿತು. ಕಾಲುಗಳಿಗೆ ರೂಢಿಯಿತ್ತು, ಹಿಮ್ಮಡಿಯಿಂದ ನಡುಕ ತಾನಾಗಿ ಮೊಣಕಾಲಿಗೆ ಹತ್ತಿತು. ಹೆಂಗಸರು "ಬಂದ್ಲು, ಬಂದ್ಲು" ಎಂದರು. ಕೂದಲು ಮುಖದ ಮೇಲೆ ಇಳಿಯಿತು. ಅದರೊಳಗಿನ ಕತ್ತಲೆಯಲ್ಲಿ ಕೆಂಚವ್ವ ಒಮ್ಮೆ ಕರೆದಳು. ಇಷ್ಟು ವರ್ಷ ಕರೆದಂತೆ ಕರೆಯಲಿಲ್ಲ. ಮಗು ಕರೆದಂತೆ ಕರೆದಳು. ಯಾರೂ ಬರಲಿಲ್ಲ.

ಲಗಮಪ್ಪ ಮೊಣಕಾಲೂರಿ ಅವಳ ಮುಂದೆ ಕುಳಿತ. ಪೂರದಲ್ಲಿ ಅವನ ಹೆಂಡತಿ ಗೋದಲಿಯ ಎಮ್ಮೆ ಬಿಚ್ಚಲು ಹೋದವಳು ತಿರುಗಿ ಬಂದಿರಲಿಲ್ಲ. "ಆಯೀ," ಎಂದ. "ನನಗ ರಾಜಕಾರಣ ತಿಳಿಯೂದಿಲ್ಲ. ಯಾರ ಕೂತ್ರ ನೀ ಮತ್ತ ಊರಾಗ ಬರೂದಿಲ್ಲ, ಅಷ್ಟ ಹೇಳ. ನಾ ಅವರಿಗಿ ಕೈ ಎತ್ತತೀನಿ."

ಕೆಂಚವ್ವ ನಾಲಿಗೆ ಎತ್ತಿದಳು. ದಪ್ಪ ದನಿ ಗಂಟಲವರೆಗೆ ಬಂದು ನಿಂತಿತ್ತು. ಅಕ್ಕುತಾಯಿ ಎನ್ನಬಹುದಿತ್ತು. ಕಾಂಚನ ಎಂದೂ ಅನ್ನಬಹುದಿತ್ತು. ಅವನು ಅದನ್ನೂ ನಂಬುತ್ತಿದ್ದ. ಅವನ ಕಣ್ಣುಗಳನ್ನು ನೋಡಿ ಅವಳ ಮೊಣಕಾಲು ನಡುಗುವುದನ್ನು ನಿಲ್ಲಿಸಿತು. ಎರಡೂ ಕೈಯಿಂದ ಮುಖದ ಮೇಲಿನ ಕೂದಲು ಸರಿಸಿದಳು.

"ಲಗಮಪ್ಪಾ, ಆಕಿ ಬಂದಿಲ್ಲಪಾ."

ಹಲಗೆಯ ತಾಳ ತಪ್ಪಿತು. "ಇವತ್ತ?" ಎಂದ ಲಗಮಪ್ಪ.

"ಪೂರ ಇಳದಾಗಿಂದ."

ಕೆಂಚವ್ವ ಹೇಳಿದ ಮದುವೆಗೆ ಒಪ್ಪಿದವರು ಅಲ್ಲಿದ್ದರು. ಅವಳ ಮಾತಿಗೆ ಹೊಲ ಬಿಟ್ಟುಕೊಟ್ಟವರು ಇದ್ದರು. "ಹಂಗಾರ ನನಗ ಅಂದದ್ದು?" ಎಂದಳು ಒಬ್ಬಳು ಹಿಂದಿನಿಂದ, ಬಹಳ ಮೆಲ್ಲಗೆ.

"ನಾನ ಅಂದದ್ದವ್ವಾ. ನಾ ಕೆಂಚವ್ವ."

ಬಾಬಾಸಾಹೇಬ ಕಂಬ ಬಿಟ್ಟು ಮುಂದೆ ಬಂದ. "ನೋಡ್ರಿ! ಅವರ ಮಂದಿರದಾಗ ಇಟ್ಟದ್ದಕ್ಕ ಆಯಿ ಸಿಟ್ಟಾಗಿ ಹೋಗ್ಯಾಳ. ಇನ್ನ ಅವರ ಕೈಯಾಗ ಊರ ಕೊಟ್ರ?"

"ಅದನ್ನೂ ಆಕಿ ಹೇಳಿಲ್ರಿ," ಎಂದಳು ಕೆಂಚವ್ವ. "ಆಕಿ ಹೇಳಲಾರದ್ದನ್ನ ನೀವೂ ಹೇಳಬ್ಯಾಡ್ರಿ."

"ಹಂಗಾರ ನಾ ಯಾರಿಗಿ ಕೈ ಎತ್ತಲಿ?" ಲಗಮಪ್ಪ ಕೇಳಿದ. ಅದು ಯಾರನ್ನು ಕೇಳಿದ್ದೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ.

ಮಂದಿ ಒಬ್ಬೊಬ್ಬರಾಗಿ ಎದ್ದರು. ಕಾಯಿ ತಂದವರು ಒಡೆಯದೆ ಒಯ್ದರು. ಕೆಲವರು ಅವಳ ಕಾಲಿಗೆ ಎರಗಲು ಬಗ್ಗಿ, ನಡುವೆಯೇ ನಿಂತು, ಹಾಗೇ ಹೋದರು. ಸೊಸೆ ಸ್ನೇಹಲ ದೂರದಿಂದ "ಅತ್ತೀ, ನಡೀರಿ ಮನಿಗಿ" ಎಂದಳು, ಹತ್ತಿರ ಬರಲಿಲ್ಲ.

ಕೆಂಚವ್ವ ಎದ್ದು ಮಣೆಯನ್ನು ಗೋಡೆಗೆ ಆನಿಸಿಟ್ಟಳು. ನಂತರ ತಿರುಗಿ, ಬರಿ ನೆಲದ ಮೇಲೆ, ದೇವಿಗೆ ಮುಖ ಮಾಡಿ ಕುಳಿತಳು. ಮಂಗಳವಾರ ಸಂಜೆ ಆ ಬೆಳ್ಳಿ ಮುಖವನ್ನು ಅವಳು ಎದುರಿನಿಂದ ನೋಡಿದ್ದೇ ಇಲ್ಲ. ಅದರ ಕಣ್ಣುಗಳು ಅವಳ ನೆತ್ತಿಯ ಮೇಲಿಂದ ಎಲ್ಲೋ ಹೊರಗೆ ನೋಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಲಗಮಪ್ಪ ಬಂದು ಒಂದು ಮಾರು ದೂರದಲ್ಲಿ ಕುಳಿತ. ನಿಲ್ಲಿಸಬೇಕೋ ಬೇಡವೋ ತಿಳಿಯದೆ ಬಾಳು, ಆರಿ ಸಡಿಲಾದ ಹಲಗೆಯನ್ನು ಒಂದೇ ಬೆರಳಿನಿಂದ ತಟ್ಟುತ್ತಲೇ ಇದ್ದ.