ಬಾವಿ ಕಥೆಯ ಕಡೇ ಅಧ್ಯಾಯ

ಕುಪ್ಪುಸ್ವಾಮಿ ಪುಸ್ತಕ ಓದುವುದನ್ನು ಕೇಳಲಿಕ್ಕಲ್ಲ, ಅವನು ಪುಸ್ತಕಕ್ಕೆ ಬಯ್ಯುವುದನ್ನು ಕೇಳಲಿಕ್ಕೆಂದೇ ಸೇಲಂ ಊರಿನ ಗುಗೈ ಬೀದಿಯ ನೇಕಾರರು ಗೋವಿಂದನ್ ಅವರ ಮಗ್ಗದ ಮನೆಗೆ ಬರುತ್ತಿದ್ದರು.

ಸೇಲಂ ಜಿಲ್ಲೆಯಲ್ಲಿ ಸರ್ಕಾರ ಹೆಂಡದಂಗಡಿಗಳನ್ನು ಮುಚ್ಚಿಸಿದ ಕಾಲ ಅದು. ಮಧ್ಯಾಹ್ನದ ಊಟವಾದ ಕೂಡಲೇ ಮೆಲ್ಲಗೆ ಆ ಕಡೆ ಜಾರುತ್ತಿದ್ದವರಿಗೆಲ್ಲ ಈಗ ಹೋಗಲು ಜಾಗವಿರಲಿಲ್ಲ. ಬಂದು ಗೋಡೆಗೊರಗಿ, ಎಲೆಅಡಿಕೆ ಮೆಲ್ಲುತ್ತಾ, ಕೊಲೆಯ ಕಥೆಗೆ ಕಿವಿಗೊಡುತ್ತಿದ್ದರು. ಮಗ್ಗಗಳು ಒಂದಿಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವ ಸಮಯವೆಂದರೆ ಅದೊಂದೇ.

ಕುಪ್ಪುಸ್ವಾಮಿ ಕಲಿತದ್ದು ನಾಲ್ಕನೇ ಕ್ಲಾಸು. ಅಪ್ಪ ಸತ್ತ ವಾರವೇ ಸ್ಲೇಟನ್ನು ಮೂಲೆಗಿಟ್ಟು, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಇಳಿದವನು. ಕಲಿಯಲು ಬಿಡದ ಲೋಕದ ಮೇಲಿನ ಸಿಟ್ಟನ್ನೆಲ್ಲ ಪುಸ್ತಕಗಳ ಮೇಲೆ ತೀರಿಸಿಕೊಳ್ಳುತ್ತಿದ್ದ. ಮದರಾಸಿನಲ್ಲಿ ಅಚ್ಚಾದ ಹೊಸ ತಮಿಳು ಪತ್ತೇದಾರಿ ಕಾದಂಬರಿ ಶೆವ್ವಾಪೇಟೆಯ ಅಂಗಡಿಗೆ ಬಂದರೆ ಸಾಕು, ಅದು ಇವನ ಕೈಯಲ್ಲಿ. ಒಂದು ಪುಟ ಗಟ್ಟಿಯಾಗಿ ಓದಿ, ನಡುವೆ ಬೆರಳಿಟ್ಟು ಮುಚ್ಚಿ, ಬಯ್ಯಲು ಶುರುಮಾಡುತ್ತಿದ್ದ. ಓದುವುದು ತಮಿಳಿನಲ್ಲಿ, ಬಯ್ಯುವುದು ಕನ್ನಡದಲ್ಲಿ. ಯಾರೂ ಹಾಗೆಂದು ಗೊತ್ತುಮಾಡಿರಲಿಲ್ಲ. ಸಿಟ್ಟು ಬಂದಾಗ ಮನೆಮಾತೇ ಬಾಯಿಗೆ ಬರುವುದು.

"ನೋಡಿ ಮಾಮ, ಬಂಗಲೇಲಿ ಮೂರು ಹೆಣ ಬಿದ್ದವೆ. ಒಬ್ರ ಕಣ್ಣಾಗೂ ನೀರಿಲ್ಲ! ಪತ್ತೇದಾರ ಬತ್ತಾನೆ, ಕಾಪಿ ಕುಡೀತಾನೆ. ಹೆಣ ಎತ್ತಿದೋರ್ಯಾರು? ತೊಳ್ದೋರ್ಯಾರು? ಅದನ್ನ ಬರೀಲಿಲ್ಲ ಕಳ್ಳ ನನ್ಮಗ."

"ಕೊಂದೋನ್ಯಾರು ಹೇಳ್ಲಾ ಮೊದ್ಲು," ಎಂದರು ಗೋವಿಂದನ್. ಮಗ್ಗದ ಮನೆಯ ಯಜಮಾನರು, ವರಸೆಯಲ್ಲಿ ಅವನಿಗೆ ಸೋದರಮಾವ.

"ಇನ್ಯಾರು? ಅಡುಗೆಯವ್ನು. ಹಿಂದಿನ ಪುಸ್ತಕದಾಗೆ ಕಾವಲುಗಾರ, ಅದರ ಹಿಂದಿಂದ್ರಾಗೆ ದೋಬಿ. ವಕೀಲ ಯಾವತ್ತಾದ್ರೂ ಕೊಂದವ್ನಾ? ಬರೆಯೋನೇ ವಕೀಲ, ಹೆಂಗೆ ಕೊಂದಾನು! ಇನ್ನು ದೆವ್ವ. ಬಿಳೀ ಬಟ್ಟೆ ಹೊದ್ಕಂಡು ಮಾಳಿಗೆ ಮೇಲೆ ಓಡಾಡ್ತೈತೆ. ಕಡೇ ಅಧ್ಯಾಯದಾಗೆ ನೋಡಿದ್ರೆ ಮನೆ ಅಳಿಯ!"

"ಬಟ್ಟೆ ಎಷ್ಟನೇ ನಂಬರು ನೂಲಂತಪ್ಪ?" ಎಂದಳು ರಾಟೆಯ ಮುಂದೆ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಮುದುಕಿ ಪಳನಿಯಮ್ಮ.

"ಅದನ್ನ ಬರೆದಿದ್ರೆ ಅವ್ನ ಕಾಲಿಗೆ ಬೀಳ್ತಿದ್ದೆ ಅತ್ತೆ."

ಎಲ್ಲರೂ ನಕ್ಕರು. ನಗುವಾಗಲೂ ಬಡಗಣ ಮೂಲೆಯ ಕಡೆಗೆ ಮಾತ್ರ ಯಾರೂ ತಿರುಗಲಿಲ್ಲ.

ಆ ಮೂಲೆಯಲ್ಲಿದ್ದದ್ದು ಪೂಂಗೊಡಿಯ ಮಗ್ಗ. ಪೂಂಗೊಡಿ ಕುಪ್ಪುಸ್ವಾಮಿಯ ತಂಗಿ. ಹಿಂದಿನ ವರ್ಷ ಆಷಾಢ ತಿಂಗಳಲ್ಲಿ, ನೂಲಿಗೆ ಬಣ್ಣ ಹಾಕುವ ಬಣ್ಣದ ತೋಟದ ಬಾವಿಯಲ್ಲಿ ಬಿದ್ದು ಸತ್ತಳು. ಅವಳು ಅರ್ಧ ನೇಯ್ದ ಸೀರೆ ಇನ್ನೂ ಮಗ್ಗದ ಮೇಲೆಯೇ ಇತ್ತು. ನೇಯುತ್ತಿದ್ದವರು ಸತ್ತರೆ ಮಗ್ಗದ ಹಾಸುನೂಲಿಗೆ ಕತ್ತರಿ ಹಾಕುವಂತಿಲ್ಲ. ಹತ್ತಿರದ ರಕ್ತದವರು ಆ ಗುಂಡಿಗಿಳಿದು, ಉಳಿದದ್ದನ್ನು ನೇಯ್ದು ಮುಗಿಸಿ, ಬಟ್ಟೆಯನ್ನು ಚೌಡೇಶ್ವರಿಯ ಗುಡಿಯಲ್ಲಿಟ್ಟು ಬರಬೇಕು. ಅಲ್ಲಿಯವರೆಗೆ ಸತ್ತವರು ಮಗ್ಗ ಬಿಟ್ಟು ಏಳುವುದಿಲ್ಲ. ಬೀದಿಯಲ್ಲಿ ಇದನ್ನು ಯಾರೂ ನಂಬಿಕೆ ಎನ್ನುತ್ತಿರಲಿಲ್ಲ, ಗಂಜಿ ಹಾಕಿದ ಹಾಸುನೂಲು ಒಣಗುವುದಕ್ಕೆ ಬಿಸಿಲು ಬೇಕು ಎಂಬಷ್ಟೇ ಸಾದಾ ಮಾತು ಅದು.

ಆದರೆ ತಾಯಿ ಚೆಲ್ಲಮ್ಮ ಯಾರನ್ನೂ ಆ ಗುಂಡಿಗೆ ಇಳಿಯಗೊಡಲಿಲ್ಲ.

"ಮುಗಿಸಿದ್ರೆ ಅವ್ಳು ಸತ್ಳು ಅಂತ ಒಪ್ಕಂಡಂಗೆ. ನೂಲಿಲ್ದೆ ಬಾವಿಗೆ ಯಾಕೆ ಹೋದ್ಳು? ಅದನ್ನ ಹೇಳಿ ಮೊದ್ಲು."

ಎಲ್ಲರೂ ಸಿಕ್ಕಿಬೀಳುತ್ತಿದ್ದದ್ದು ಅಲ್ಲೇ. ಆ ಬೆಳಗ್ಗೆ ಪೂಂಗೊಡಿ ಕೆಂಪು ಬಣ್ಣ ಹಾಕಿದ ನೂಲಿನ ಲಡಿಯನ್ನು ಜಾಲಿಸಲೆಂದು ಮನೆಯಿಂದ ಹೊರಟಿದ್ದಳು. ಹೆಣ ಸಿಕ್ಕಿತು, ಲಡಿ ಸಿಗಲಿಲ್ಲ. ಮೆಟ್ಟಿಲ ಮೇಲೂ ಇರಲಿಲ್ಲ, ನೀರಿನ ಮೇಲೂ ಇರಲಿಲ್ಲ. ಯಾರೋ ಹುಡುಗ ಇದ್ದನೆಂದು ಬೀದಿ ಪಿಸುಗುಟ್ಟಿತು. ಯಾರೋ ನೂಲು ಕಸಿದುಕೊಂಡು ತಳ್ಳಿದರೆಂದು ಚೆಲ್ಲಮ್ಮ ಹಠ ಹಿಡಿದಳು. ಕಲ್ಲಿಗೆ ಬಡಿದಿದ್ದ ಮುಖವನ್ನು ಮುಚ್ಚಿಯೇ ತಂದದ್ದರಿಂದ, ಕೆಲವು ದಿನ ಸತ್ತವಳು ತನ್ನ ಮಗಳೇ ಅಲ್ಲ ಎಂದೂ ಅಂದಳು. ಆಮೇಲೆ ಮಾತನ್ನೇ ಬಿಟ್ಟಳು. ಎರಡು ತುತ್ತು ತಿಂದರೆ ಹೆಚ್ಚು.

ಕುಪ್ಪುಸ್ವಾಮಿಗೆ ಲಡಿ ಎಲ್ಲಿದೆಯೆಂದು ಗೊತ್ತಿತ್ತು. ಬಾವಿಗೆ ಹಾರಿದವನು ಅವನೇ. ನೆನೆದ ನೂಲು ಕಲ್ಲಿನಷ್ಟು ಭಾರವಾಗಿ ತಂಗಿಯ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಅದನ್ನು ಕಂಡ ಕ್ಷಣವೇ ಅವನಿಗೆ ಬೆಳಗಿನ ಮಾತು ನೆನಪಾಗಿತ್ತು. ಹಿಂದಿನ ವಾರ ಒಂದು ಲಡಿ ನೀರುಪಾಲಾಗಿದ್ದಕ್ಕೆ ತಾಯಿ ಹೊಸಿಲಲ್ಲಿ ನಿಂತು ಕೂಗಿದ್ದಳು: "ಇದನ್ನೂ ಕಳ್ಕಂಡು ಬಂದ್ರೆ ಈ ಮನೆ ಒಳಿಕ್ಕೆ ಕಾಲಿಡಬ್ಯಾಡ!" ಎಲ್ಲ ತಾಯಂದಿರೂ ದಿನಾ ಕೂಗುವ ಮಾತೇ. ಕುಪ್ಪುಸ್ವಾಮಿ ನೀರೊಳಗೇ ನೂಲನ್ನು ಹಲ್ಲಿನಿಂದ ಕಚ್ಚಿ ಬಿಡಿಸಿ ತಳಕ್ಕೆ ಬಿಟ್ಟಿದ್ದ. ತಾಯಿ ಅದನ್ನು ನೋಡಬಾರದು ಎಂಬುದೊಂದೇ ಆಗ ಅವನ ತಲೆಯಲ್ಲಿದ್ದದ್ದು.

ಅಂದಿನಿಂದ ಆ ಮೂಲೆಯ ಗುಂಡಿ ಒಣಗಲೇ ಇಲ್ಲ. ಮಳೆಯಿಲ್ಲದ ದಿನಗಳಲ್ಲೂ ಅಲ್ಲಿ ತಣ್ಣನೆಯ ತೇವ, ಬಣ್ಣದ ನೀರಿನ ವಾಸನೆ. ಅಮಾವಾಸ್ಯೆಯಂದು ನೇಕಾರರು ಮಗ್ಗ ಮುಟ್ಟುವುದಿಲ್ಲ. ಬೀದಿಯೆಲ್ಲ ಸದ್ದಿಲ್ಲದೆ ಕೂತಿರುವ ಆ ದಿನಗಳಲ್ಲಿ ಹಾಡುಹಗಲೇ ಆ ಮೂಲೆಯಿಂದ ದಪ್ ಎಂದು ಒಂದು ಸದ್ದು ಬರುತ್ತಿತ್ತು, ಮಗ್ಗದ ಕಾಲಹಲಗೆಯನ್ನು ಒಬ್ಬರು ಒಂದೇ ಸಲ ತುಳಿದ ಹಾಗೆ. ಗೋವಿಂದನ್ "ಇಲಿ" ಎನ್ನುತ್ತಿದ್ದರು. ಕುಪ್ಪುಸ್ವಾಮಿಯೂ "ಇಲಿ" ಎನ್ನುತ್ತಿದ್ದ.

ಹೀಗಿರುವಾಗ ಕೆಂಪು ರಟ್ಟಿನ ಪುಸ್ತಕ ಬಂತು.

ಮೊದಲ ಅಧ್ಯಾಯದಲ್ಲೇ ಒಂದು ನೇಕಾರರ ಊರು, ಬಾವಿಯಲ್ಲಿ ಒಬ್ಬ ಹುಡುಗಿಯ ಹೆಣ. ಓದುತ್ತಾ ಓದುತ್ತಾ ಕುಪ್ಪುಸ್ವಾಮಿಯ ದನಿ ತಗ್ಗಿತು. ನೀರಿಗೆ ಹತ್ತಿರದ ಮೆಟ್ಟಿಲ ಮೇಲಿನ ಪಾಚಿ, ಕೊಡ ಇಡುವಲ್ಲಿ ಕಲ್ಲು ಸವೆದ ಗುಳಿ, ಕೂಗಿದರೆ ಎರಡನೆಯ ಸಲ ಹೆಂಗಸಿನ ದನಿಯಲ್ಲಿ ಹಿಂತಿರುಗುವ ಓ ಎಂಬ ಸದ್ದು. ಎಲ್ಲ ಬಣ್ಣದ ತೋಟದ ಬಾವಿಯಲ್ಲಿ ಇದ್ದದ್ದು ಇದ್ದ ಹಾಗೆ. ಬೆರಳಿಟ್ಟು ಪುಸ್ತಕ ಮುಚ್ಚಿದ. ಜನ ಬೈಗುಳಕ್ಕೆ ಕಾದರು.

"ಇವನು ಬಾವಿ ನೋಡವ್ನೆ," ಎಂದ. "ಇವನು ಸುಳ್ಳು ಬರೀತಿಲ್ಲ."

ಅವನು ಒಂದು ಪುಸ್ತಕವನ್ನು ಹೊಗಳಿದ್ದು ಅದೇ ಮೊದಲು. ಸುದ್ದಿ ಪಳನಿಯಮ್ಮನ ಬಾಯಿಂದ ಚೆಲ್ಲಮ್ಮನ ಕಿವಿಗೆ ಬೀಳಲು ಒಂದು ಬೀದಿ ದಾಟುವಷ್ಟು ಹೊತ್ತೂ ಬೇಕಾಗಲಿಲ್ಲ. ಮರುದಿನ ಚೆಲ್ಲಮ್ಮ ಬಂದು ಗಂಡಸರ ಮುಂದೆಯೇ ಕೂತಳು.

"ಅಮ್ಮ, ಇದು ಕಥೆ. ಯಾರೋ ಕಟ್ಟಿದ್ದು," ಎಂದ ಕುಪ್ಪುಸ್ವಾಮಿ.

"ಮದರಾಸಿನಾಗೆ ಯಾರ್ಗೋ ಗೊತ್ತಾಗೈತೆ. ವಿಚಾರ್ಸಿ ಬರ್ದವ್ರೆ."

"ಪತ್ತೇದಾರಿ ಕಥೆ ಎಲ್ಲಾ ಸುಳ್ಳಮ್ಮ!"

"ಇದು ಸುಳ್ಳಲ್ಲ ಅಂತ ನೀನೇ ಅಂದಿದ್ದಲ್ವ. ಊರೆಲ್ಲಾ ಕೇಳೈತೆ. ಓದು."

ಮೂವತ್ತು ಪುಸ್ತಕಗಳನ್ನು ಬೈದು ಗಳಿಸಿದ್ದ ನಂಬಿಕೆಯೆಲ್ಲ ಈ ಒಂದರ ಮೇಲೆ ಬಂದು ಕೂತಿತ್ತು. ಅದಕ್ಕಿಂತ ಹೆಚ್ಚಿನ ಸಂಗತಿಯೆಂದರೆ, ಆ ದಿನ ಚೆಲ್ಲಮ್ಮ ಮನೆಗೆ ಹೋಗಿ ಒಂದು ಇಡೀ ರಾಗಿ ಮುದ್ದೆ ತಿಂದಳು. ಮರುದಿನ ತಲೆ ಬಾಚಿಕೊಂಡಳು. ಕಥೆ ನಿಲ್ಲಿಸುವುದಾದರೂ ಹೇಗೆ?

ಅವನು ಒಬ್ಬನೇ ಕೂತು ಕಡೇ ಅಧ್ಯಾಯವನ್ನು ಮೊದಲೇ ಓದಿದ. ಓದಿದವನಿಗೆ ಪುಸ್ತಕವನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಬೇಕೆನ್ನುವಷ್ಟು ರೋಷ ಬಂತು. ಹುಡುಗಿ ಸತ್ತೇ ಇರಲಿಲ್ಲ! ಬಾವಿಯ ಹೆಣ ಇನ್ಯಾರದೋ. ಇವಳು ಒಬ್ಬ ಜಮೀನ್ದಾರನ ಮಗನ ಜೊತೆ ರಂಗೂನಿನಲ್ಲಿ ಸುಖವಾಗಿದ್ದಾಳೆ. ಪತ್ತೇದಾರ ಅವಳನ್ನು ಹಡಗಿನಲ್ಲಿ ಕರೆತರುತ್ತಾನೆ, ಅವಳು ತಾಯಿಯ ಕಾಲಿಗೆ ಬೀಳುತ್ತಾಳೆ, ಮದುವೆಯ ಓಲಗ. ಬಾವಿಯನ್ನು ಅಷ್ಟು ನಿಜವಾಗಿ ಬರೆದ ಕೈ ಸತ್ತವಳನ್ನು ಹೀಗೆ ಕಾಸಿಗೊಂದು ಕೊಸರಿಗೊಂದು ಎಂದು ಮಾರಿಬಿಟ್ಟಿತ್ತು. ಇದನ್ನು ಓದಿದರೆ ತಾಯಿ ಬಾಗಿಲು ತೆರೆದಿಟ್ಟುಕೊಂಡು ಬದುಕಿರುವವರೆಗೂ ಕಾಯುತ್ತಾಳೆ. ಪೂಂಗೊಡಿ ಆ ತೇವದ ಗುಂಡಿಯಲ್ಲೇ ಕೂತಿರುತ್ತಾಳೆ.

ಕಾಲು ಜಾರಿ ಬಿದ್ದಳು, ಯಾರ ತಪ್ಪೂ ಇಲ್ಲ ಎಂದು ತಾನೇ ಒಂದು ಮುಕ್ತಾಯ ಕಟ್ಟಿ, ಪುಸ್ತಕದಲ್ಲೇ ಇದ್ದ ಹಾಗೆ ಓದಿಬಿಡುವುದೆಂದು ತೀರ್ಮಾನಿಸಿದ.

ಕಡೇ ಅಧ್ಯಾಯದ ದಿನ ಅಮಾವಾಸ್ಯೆ ಬಿತ್ತು. ಮಗ್ಗಗಳಿಗೆ ಅರಿಶಿನ ಕುಂಕುಮ ಇಟ್ಟಾಗಿತ್ತು. ಬೀದಿಯಲ್ಲಿ ಒಂದು ಲಾಳಿಯ ಸದ್ದೂ ಇಲ್ಲ. ಬಾಗಿಲ ತನಕ ಜನ.

"ಇವತ್ತು ಕತೆ ಕೊನೆ ಹೇಳ್ಬುಡಪ್ಪ ಸಾಮಿ," ಎಂದರು ಗೋವಿಂದನ್. "ಪತ್ತೇದಾರ ಸತ್ರೂ ಪರವಾಗಿಲ್ಲ."

ಕುಪ್ಪುಸ್ವಾಮಿ ಓದಿದ. ಪತ್ತೇದಾರ ಎಲ್ಲರನ್ನೂ ಕೂಡಿಸಿದ, ಗಂಟಲು ಸರಿಮಾಡಿಕೊಂಡ. ಪುಟ ಮುಗಿಯಿತು. ಮುಂದಿನ ಪುಟದ ತಲೆಯಲ್ಲೇ ಆ ಸಾಲು ಇತ್ತು: ಅವಳ್ ಸಾಗವಿಲ್ಲೈ. ಅವಳು ಸತ್ತಿಲ್ಲ.

ಅವನ ನಾಲಿಗೆ ಅಲ್ಲಿಗೆ ನಿಂತಿತು.

ಬಡಗಣ ಮೂಲೆಯಿಂದ ದಪ್ ಎಂದಿತು. ಯಾರೂ ಇಲಿ ಎನ್ನಲಿಲ್ಲ.

ಅವನು ಅಕ್ಷರಗಳಿಂದ ಕಣ್ಣು ಕೀಳದೆ ಮುಂದುವರಿಸಿದ. "ಅವಳನ್ನ ಯಾರೂ ಕೊಲ್ಲಲಿಲ್ಲ. ಹುಡುಗ ಗಿಡುಗ ಯಾರೂ ಇರ್ಲಿಲ್ಲ. ಮೆಟ್ಲ ಮೇಲೆ ಪಾಚಿ ಇತ್ತು. ಕಾಲು ಜಾರ್ತು, ಬಿದ್ಳು. ಅಷ್ಟೇ."

ಪಳನಿಯಮ್ಮ ಎಲೆ ಮೆಲ್ಲುವುದನ್ನು ನಿಲ್ಲಿಸಿದಳು. ಗೋವಿಂದನ್ ತಲೆ ಎತ್ತಿದರು. ತನ್ನ ಬಾಯಿಂದ ಬಂದದ್ದು ಕನ್ನಡ ಎಂದು ಕುಪ್ಪುಸ್ವಾಮಿಗೆ ಇನ್ನೂ ಗೊತ್ತಾಗಿರಲಿಲ್ಲ.

"ನೂಲೆಲ್ಲಿ?" ಎಂದಳು ಚೆಲ್ಲಮ್ಮ.

ಅವನು ಪುಟ ನೋಡಿದ. ಪುಟದಲ್ಲಿ ರಂಗೂನಿನ ಹಡಗು ಹೊರಟಿತ್ತು.

"ಓದಪ್ಪ. ನೂಲೆಲ್ಲಿ ಹೋಯ್ತು?"

"ಅವಳ ಕೈಯಾಗೇ ಇತ್ತು." ಅವನು ಪುಟ ನೋಡುವುದನ್ನು ಬಿಟ್ಟ. "ಲಡಿ ಜಾರ್ತು, ಅದನ್ನ ಹಿಡ್ಯಕ್ಕೆ ಬಗ್ಗಿದ್ಳು. ನೆಂದ ನೂಲು, ಒಳಿಕ್ಕೆ ಎಳೀತು. ಬಿಟ್ಟಿದ್ರೆ ಮೇಲೆ ಬತ್ತಿದ್ಳು. ಬಿಡ್ಲಿಲ್ಲ. ಮಣಿಕಟ್ಟಿಗೆ ಸುತ್ಕಂಡಿತ್ತು. ನಾನು ಹಲ್ಲಾಗೆ ಕಚ್ಚಿ ಬಿಡ್ಸಿ, ನೀರಿಗೆ ಬಿಟ್ಬುಟ್ಟೆ."

ಬಾಗಿಲಲ್ಲಿದ್ದ ಜನ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

"ಪುಸ್ತಕದಾಗೆ ಹಂಗೈತಾ?"

"ಇಲ್ಲಮ್ಮ."

"ಗೊತ್ತಾಯ್ತು. ಪುಸ್ತಕ ನಮ್ಮ ಮನೆಮಾತು ಆಡಲ್ಲ." ಚೆಲ್ಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಆವತ್ತು ಬೆಳಗ್ಗೆ ನಾನಂದಿದ್ದು ನಿಂಗೂ ಕೇಳಿಸ್ತಾ?"

"ಕೇಳಿಸ್ತು."

"ಅದಕ್ಕೇ ಬಿಡ್ಲಿಲ್ಲ ಅವ್ಳು."

ಅವನು ಪುಸ್ತಕವನ್ನು ತೆರೆದಂತೆಯೇ ನೆಲಕ್ಕಿಟ್ಟ. ಹೊಡೆಯುತ್ತಾಳೆ ಎಂದುಕೊಂಡ, ಹೊಡೆಯಲಿ ಎಂದುಕೊಂಡ. ಚೆಲ್ಲಮ್ಮ ನೆಲಕ್ಕೆ ಕೈಯೂರಿ ಎದ್ದಳು. ಅಳುತ್ತಿರಲಿಲ್ಲ. ಕೂತ ಗಂಡಸರ ನಡುವೆ ಹಾದು ನೇರ ಬಡಗಣ ಮೂಲೆಗೆ ನಡೆದಳು.

ಗೋವಿಂದನ್ ಗಾಬರಿಯಿಂದ ಎದ್ದರು. "ಅಕ್ಕ, ಬ್ಯಾಡ! ಇವತ್ತು ಅಮಾವಾಸೆ. ಮಗ್ಗ ಮುಟ್ಟಬಾರ್ದು."

"ಅವ್ಳು ಅಮಾವಾಸೆ ನೋಡ್ತಾವ್ಳಾ?" ಎಂದಳು ಚೆಲ್ಲಮ್ಮ.

ಅವಳು ಸೀರೆ ಎತ್ತಿ ಕಟ್ಟಿ, ಗುಂಡಿಯಲ್ಲಿ ಕಾಲಿಳಿಸಿ ಕೂತಳು. ಧೂಳು ಹಿಡಿದ ಹಾಸಿನ ಮೇಲೆ ಅಂಗೈ ಆಡಿಸಿದಳು. ಆಮೇಲೆ ಒಂದು ಕಾಲಹಲಗೆಯ ಮೇಲೆ ಪಾದವಿಟ್ಟವಳು ಅಲ್ಲಾಡದೆ ಕೂತುಬಿಟ್ಟಳು.

"ಕುಪ್ಪು, ಬಾ ಇಲ್ಲಿ. ಮುಟ್ಟಿ ನೋಡು."

ಕುಪ್ಪುಸ್ವಾಮಿ ಮೂಲೆಗೆ ಹೋಗಿ, ಮಂಡಿಯೂರಿ ಗುಂಡಿಯೊಳಕ್ಕೆ ಕೈ ಇಳಿಸಿದ. ವರ್ಷದಿಂದ ಬಿಸಿಲು ಕಾಣದ ಮೂಲೆ ಅದು. ಗುಂಡಿಯ ಗೋಡೆ ಎಂದಿನಂತೆ ತಣ್ಣಗೆ, ಒದ್ದೆಯಾಗಿಯೇ ಇತ್ತು. ತಾಯಿ ಪಾದವಿಟ್ಟ ಹಲಗೆಯ ಪಕ್ಕದ ಹಲಗೆ, ಇನ್ನೂ ಯಾರೂ ಕಾಲಿಡದ ಹಲಗೆ, ಒಣಗಿತ್ತು. ಬೆಚ್ಚಗಿತ್ತು. ಗಂಟೆಗಟ್ಟಲೆ ತುಳಿದು ಈಗಷ್ಟೇ ಎದ್ದು ಹೋದವರ ಕಾಲಿನ ಬಿಸಿ.

ಕಾರಣ ಹುಡುಕುವುದು ಅವನಿಗೆ ಹುಟ್ಟುಗುಣ. ಇಲಿ, ಹೊಗೆ, ಪಕ್ಕದ ಮನೆಯ ಒಲೆ, ಎಲ್ಲವೂ ತಲೆಯಲ್ಲಿ ಬಂದು ಹೋದವು. ಒಂದೂ ನಿಲ್ಲಲಿಲ್ಲ.

"ಎದ್ದವ್ಳೆ," ಎಂದಳು ಚೆಲ್ಲಮ್ಮ ಮೆಲ್ಲಗೆ. "ಜಾಗ ಬಿಟ್ಟವ್ಳೆ. ಕಂಡಿಕೆ ಕೊಡು."

ಪಳನಿಯಮ್ಮ ಬುಟ್ಟಿ ತಡಕಿ ಒಂದು ಕೆಂಪು ಕಂಡಿಕೆ ಚಾಚಿದಳು. ಕುಪ್ಪುಸ್ವಾಮಿ ಅದನ್ನು ತಂಗಿಯ ಲಾಳಿಗೆ ಸಿಕ್ಕಿಸಿ ಕೊಟ್ಟ. ಅವನು ಬಿಟ್ಟು ಬಂದ ಪುಸ್ತಕ ನೆಲದ ಮೇಲೆ ತೆರೆದೇ ಬಿದ್ದಿತ್ತು, ರಂಗೂನಿನಿಂದ ಹಡಗು ಇನ್ನೂ ಬರುತ್ತಲೇ ಇತ್ತು. ಗುಗೈಯ ಬೀದಿಯೆಲ್ಲ ಉಸಿರು ಹಿಡಿದು ಕೂತ ಆ ಅಮಾವಾಸ್ಯೆಯ ಮಧ್ಯಾಹ್ನ ಒಂದೇ ಒಂದು ಮಗ್ಗ ಆಡತೊಡಗಿತು.