ಬೇಹುಗಾರನ ಹೆಂಡತಿಯ ದನಿ

ಅವಳದು ಡಬ್ಬಿಂಗ್ ಕೆಲಸ. ಬೇರೆ ಭಾಷೆಯ ನಾಯಕಿಯರು ತೆರೆಯ ಮೇಲೆ ತುಟಿ ಆಡಿಸಿದರೆ, ಇವಳು ಮೈಕಿನ ಮುಂದೆ ನಿಂತು ಅಳಬೇಕು, ನಗಬೇಕು, ಕಿರುಚಬೇಕು. ವರ್ಷಗಟ್ಟಲೆ ಸೀರಿಯಲ್‌ಗಳಿಗೆ ಕಿರುಚಿ ಗಂಟಲು ಹರಿದುಕೊಂಡ ಮೇಲೆ ಒಂದು ಒಳ್ಳೆಯ ಚಿತ್ರ ಸಿಕ್ಕಿತು. ಬೇಹುಗಾರನ ಕಥೆ. ಆದರೆ ಗುಂಡಿಲ್ಲ, ಕಾರುಗಳ ಓಟವಿಲ್ಲ. ಅವನು ದಿನಾ ಹೆಂಡತಿಗೆ ಒಂದು ಸುಳ್ಳು ಹೇಳಿ ಹೊರಡುತ್ತಾನೆ. ಅವಳಿಗೆ ಎಲ್ಲ ಗೊತ್ತು, ಗೊತ್ತಿರುವುದು ಅವನಿಗೆ ಗೊತ್ತಾಗಬಾರದು. ಹೆಂಡತಿಯ ಪಾತ್ರದ ನಟಿ ತಟ್ಟೆ ಒರೆಸುತ್ತ "ಬೇಗ ಬನ್ನಿ" ಅನ್ನುತ್ತಾಳೆ, ಅಷ್ಟೆ. ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ, ನೋಡಿದವರಿಗೆ ಎಲ್ಲ ತಿಳಿಯುತ್ತದೆ. ಅಬ್ಬಾ, ನಟನೆ ಅಂದರೆ ಅದು!

ಆ ಎರಡು ಪದವೇ ಇವಳಿಗೆ ಕೈಕೊಟ್ಟಿತು. ತುಟಿಗೆ ಮಾತು ಹೊಂದುತ್ತಿತ್ತು, ಉಸಿರು ಹೊಂದುತ್ತಿರಲಿಲ್ಲ.

"ಅಕ್ಕಾ, ಸಿನಿಮಾ ದನಿ ಬೇಡ. ಮನೇಲಿ ಹೇಗ್ ಹೇಳ್ತೀರೋ ಹಾಗೇ ಹೇಳಿ," ಎಂದ ಗಾಜಿನಾಚೆಯ ಸೌಂಡ್ ಎಂಜಿನಿಯರ್.

ಪಾಪ, ಅವನಿಗೇನು ಗೊತ್ತು! ಅವಳ ಗಂಡನೂ ಬಹಳ ದಿನದಿಂದ 'ಆಫೀಸಲ್ಲಿ ಮೀಟಿಂಗ್' ಎಂದು ಇನ್ನೊಬ್ಬಳ ಮನೆಗೆ ಹೋಗುತ್ತಿದ್ದ. ಇವಳು ಕಂಡೂ ಕಾಣದ ಹಾಗೆ ಕಳಿಸಿಕೊಡುತ್ತಿದ್ದಳು. ತನ್ನ ಮನೆಯ ಆ ದನಿಯಲ್ಲೇ ಹೇಳಿದಳು. ಗಾಜಿನಾಚೆಯಿಂದ "ಓಕೆ" ಬಂತು.

ಚಿತ್ರ ಬಿಡುಗಡೆಯಾದಾಗ, ದನಿ ತನ್ನದೆಂದು ಹೇಳದೆ ಗಂಡನನ್ನು ಕರೆದೊಯ್ದಳು. ಗುರುತು ಹಿಡಿದನೋ, ಮನೆಗೆ ಹೋಗಿ ಅತ್ತು ಕೂಗಾಡಿ ಸಂಸಾರ ಉಳಿಸಿಕೊಳ್ಳುವುದು. ಇಲ್ಲವೋ, ಬಿಟ್ಟು ಹೋಗುವುದು. ಹಾಗೆಂದು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ಮಹಾಶಯ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ! ಹೊರಗೆ ಬಂದರೂ ಅದೇ ಧ್ಯಾನ. "ಏನ್ ಹೆಂಗಸು ಕಣೇ! 'ಬೇಗ ಬನ್ನಿ' ಅಂದ್ಲಲ್ಲ, ಕರುಳು ಕಿವುಚಿದ ಹಾಗಾಯ್ತು. ಅಂಥವಳಿಗೆ ಮೋಸ ಮಾಡೋಕೆ ಆ ಪಾಪಿಗೆ ಮನಸ್ಸಾದ್ರೂ ಹೇಗೆ ಬಂತು?"

"ಆ ದನಿ ನಂದೇ ರೀ."

ಗಂಡ ಗೊಳ್ಳೆಂದು ನಕ್ಕ. "ಸಾಕು, ರೀಲು ಬಿಡಬೇಡ. ಸೀರಿಯಲ್‌ಗೆ ಗೋಳಾಡೋಳು ನೀನು. ನಿನ್ ದನಿ ನಂಗೆ ಗೊತ್ತಿಲ್ವಾ?"

ಅವಳು ಅವನ ಮುಖ ನೋಡಿದಳು. ನಾಟಕವಿರಲಿಲ್ಲ. ಇಷ್ಟು ವರ್ಷ ಒಂದು ದಿನವೂ ಕಿವಿಗೊಟ್ಟಿರಲಿಲ್ಲ, ಅಷ್ಟೆ. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಎದುರಿಗೆ ಬಂದ ಟ್ಯಾಕ್ಸಿಗೆ ಕೈ ತೋರಿಸಿ ಒಬ್ಬಳೇ ಹತ್ತಿದಳು.

"ನೀವು ಅವಳ ಮನೆಗೇ ಹೋಗಿಬಿಡಿ."

"ಅವಳಾ? ಯಾವಳೇ?" ಎಂದು ಅವನು ಹುಬ್ಬೇರಿಸಿದ. ಎಂಥ ಕೆಟ್ಟ ನಟನೆಯೆಂದರೆ, ಟ್ಯಾಕ್ಸಿಯವನೂ ತಿರುಗಿ ನೋಡಿದ.